ಸುಗಂಧರಾಜದ ಬೇಸಾಯವೂ ಗಡ್ಡೆಯ ಪರೀಕ್ಷೆಯೂ

ಒಮ್ಮೆ ನೆಟ್ಟರೆ ಎರಡು ಮೂರು ವರ್ಷಗಳವರೆಗೆ ಹೂ ಕೊಡುವ ಬೆಳೆಗಳಲ್ಲಿ ಸುಗಂಧರಾಜವು ಮುಖ್ಯವಾದುದು. ಇದರ ತವರು ಮೆಕ್ಸಿಕೋ ದೇಶ. ಕತ್ತಾಳೆಯು ಇದರ ಹತ್ತಿರದ ಬಂಧು. ಸುಮಾರು ಮೂರಡಿ ಎತ್ತರ ಏಳುವ ದಂಟಿನಲ್ಲಿ ಬಿಳಿಯ ಹೂಗಳು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಅರಳುವುವು. ಪರಿಮಳವು ಸಂಜೆಯ ಮೇಲೆ ಹೆಚ್ಚುವುದು.

ಇದರಲ್ಲಿ ಒಂಟಿ ಸುತ್ತು, ಜೋಡಿ ಸುತ್ತು ಎಂದು ಎರಡು ಬಗೆಗಳುಂಟು. ಒಂಟಿ ಸುತ್ತಿನದು ಮಾಲೆಗೂ ಸುಗಂಧದ್ರವ್ಯ ತೆಗೆಯುವುದಕ್ಕೂ ತಕ್ಕುದು. ಜೋಡಿ ಸುತ್ತಿನದನ್ನು ದಂಟುಸಹಿತ ಕೊಯ್ದು ಮಾರುವರು. ಪೇಟೆಗೆ ದೂರವಿರುವ ಗ್ರಾಮದವರು ಇದನ್ನು ಮೊದಲೇ ಆಲೋಚಿಸಿ ಬಗೆಯನ್ನು ಆರಿಸಿಕೊಳ್ಳತಕ್ಕದ್ದು.

ಬಿಸಿಲು ಚೆನ್ನಾಗಿ ಬೀಳುವ, ನೀರು ಬಸಿದುಹೋಗುವ ಗೋಡುಮಣ್ಣು ಉತ್ತಮ. ನೀರು ನಿಂತರೆ ಬುಡ ಕೊಳೆಯುವುದು. ಎಕರೆಗೆ ಸುಮಾರು 10 ಟನ್ ಕೊಟ್ಟಿಗೆ ಗೊಬ್ಬರವನ್ನು ಹಾಕಿ ಉತ್ತು, ಏಪ್ರಿಲ್ ಮೇ ತಿಂಗಳುಗಳಲ್ಲಿ ನೆಡಬೇಕು. ಸಾಲಿನಿಂದ ಸಾಲಿಗೆ ಒಂದಡಿ, ಗಡ್ಡೆಯಿಂದ ಗಡ್ಡೆಗೆ 8 ಅಂಗುಲ, ಆಳ ಎರಡಂಗುಲ ಸಾಕು. ಈ ಲೆಕ್ಕದಲ್ಲಿ ಗುಂಟೆಗೆ ಸುಮಾರು 1,600 ಗಡ್ಡೆಗಳು ಹಿಡಿಯುವುವು. ನೆಟ್ಟ ಮೂರು ತಿಂಗಳ ಹೊತ್ತಿಗೆ ದಂಟು ಏಳುವುದು.

ಒಮ್ಮೆ ಹೂ ಬಿಟ್ಟ ಗಡ್ಡೆಯು ಮರಳಿ ಹೂ ಬಿಡುವುದಿಲ್ಲ. ಅದರ ಸುತ್ತ ಹುಟ್ಟುವ ಮರಿಗಡ್ಡೆಗಳೇ ಮುಂದಿನ ಹೂವನ್ನು ಕೊಡತಕ್ಕವು. ಆದಕಾರಣ ಮಾರಾಟಕ್ಕೆ ಬಂದ ದೊಡ್ಡ ಗಡ್ಡೆಯ ನೆತ್ತಿಯಲ್ಲಿ ಹಳೆಯ ದಂಟಿನ ಗುರುತಿದ್ದರೆ ಅದನ್ನು ಬಿಟ್ಟು, ಸುಮಾರು ಒಂದಂಗುಲ ದಪ್ಪದ ಹೊಸ ಗಡ್ಡೆಗಳನ್ನು ಕೊಳ್ಳುವುದು ಲೇಸು. ಅಗೆದ ಗಡ್ಡೆಗಳನ್ನು ನೆರಳಿನಲ್ಲಿ ಒಂದು ತಿಂಗಳಷ್ಟು ಒಣಗಿಸಿ ನೆಡುವುದು ರೂಢಿ.

ಅಗ್ಗವೆಂದು ಕಂಡಕಂಡಲ್ಲಿ ಗಡ್ಡೆ ತರುವವರಿಗೆ ಒದಗುವ ನಷ್ಟವು ಹೂವಿನೊಂದಿಗೇ ಮುಗಿಯತಕ್ಕದ್ದಲ್ಲ. ಬೇರುಗಂಟಿನ ಜಂತುಹುಳುವು ಗಡ್ಡೆಗೆ ಅಂಟಿದ ಬೇರು ಮಣ್ಣುಗಳೊಡನೆ ತೋಟವನ್ನು ಹೊಕ್ಕರೆ ಬದನೆ, ಟೊಮ್ಯಾಟೊ, ಬೆಂಡೆ, ವೀಳ್ಯದೆಲೆಯ ಬಳ್ಳಿಗಳನ್ನೂ ಕೆಡಿಸುವುದು. ನೆಲವನ್ನು ಅದರಿಂದ ಪೂರ್ತಿಯಾಗಿ ಬಿಡಿಸುವುದು ಬಹು ಕಷ್ಟ. ಕೊಳ್ಳುವುದಕ್ಕೆ ಮೊದಲು ಮಾರುವವನ ಹೊಲದಲ್ಲಿಯೇ ನಾಲ್ಕಾರು ಗಿಡಗಳನ್ನು ಕೀಳಿಸಿ, ಬೇರುಗಳಲ್ಲಿ ಗಂಟುಗಳಿವೆಯೇ ಎಂದು ನೋಡಬೇಕು. ಕೀಳಲು ಒಪ್ಪದವನಲ್ಲಿ ಕೊಳ್ಳದಿರುವುದೇ ಕ್ಷೇಮ. 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೆಸರಘಟ್ಟದಲ್ಲಿ ಬೆಳೆಸಿದ 'ಶೃಂಗಾರ್' ಎಂಬ ಒಂಟಿ ಸುತ್ತಿನ ತಳಿಯು ಈ ಹುಳುವನ್ನು ತಕ್ಕಮಟ್ಟಿಗೆ ತಾಳಬಲ್ಲುದು. ಹುಳು ಸೇರಿದ ನೆಲದಲ್ಲಿ ಮಧ್ಯೆ ಒಂದು ಬೆಳೆ ಚೆಂಡುಹೂವನ್ನು ಹಾಕಿದರೆ ಅದರ ಹಾವಳಿಯು ಕುಗ್ಗುವುದು.

ಮಾಲೆಯ ಮೊಗ್ಗುಗಳನ್ನು ಪ್ರತಿದಿನವೂ ನಸುಕಿನಲ್ಲಿಯೇ ಬಿಡಿಸಬೇಕಾದುದರಿಂದ ಕೈಯಾಳುಗಳು ಸಾಲದ ಮನೆಯವರು ಎಕರೆಗಟ್ಟಲೆ ಹಾಕದೆ ಮೊದಲ ವರ್ಷ ಐದಾರು ಗುಂಟೆಗಳಲ್ಲಿ ಮಾತ್ರ ನೆಡಬಹುದು. ಮದುವೆಗಳಿಲ್ಲದ ಆಷಾಢದಲ್ಲಿ ಬೆಲೆಯು ಇಳಿಯುವುದುಂಟು. ಆ ತಿಂಗಳ ಕೂಲಿಯ ಹಣವನ್ನು ವೈಶಾಖದ ಲಾಭದಿಂದಲೇ ತೆಗೆದಿಡತಕ್ಕದ್ದು.