ಓವರ್‌ಕ್ಲಾಕಿಂಗ್

ಓವರ್‌ಕ್ಲಾಕಿಂಗ್ ಎಂದರೆ ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸುವುದು. ಪ್ರೊಸೆಸರಿನ ವೇಗವು ಮೂಲ ಆವರ್ತನ ಮತ್ತು ಗುಣಕ ಎಂಬ ಎರಡು ಸಂಖ್ಯೆಗಳ ಗುಣಲಬ್ಧವಾಗಿದೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಗುಣಕ 4.5, ಬಳಕೆದಾರರು ಅದನ್ನು ಬದಲಿಸುವಂತಿರಲಿಲ್ಲ. ಆದರೆ ಮದರ್‌ಬೋರ್ಡ್‌ನಲ್ಲಿ ಮೂಲ ಆವರ್ತನವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಪ್ರೊಸೆಸರಿನ ವೇಗ 300ರಿಂದ 450 ಮೆಗಾಹರ್ಟ್ಸ್‌ಗೆ ಏರುತ್ತಿತ್ತು. ಹೀಗೆ ಅಗ್ಗದ ಚಿಪ್ಪೊಂದು ದುಬಾರಿ ಪೆಂಟಿಯಂ 2ರೊಡನೆ ಪೈಪೋಟಿಗಿಳಿಯಿತು. ಆದರೂ ಎಲ್ಲ 300ಎ ಚಿಪ್ಪುಗಳೂ ಆ ವೇಗವನ್ನು ತಾಳುತ್ತಿರಲಿಲ್ಲ.

ಒಂದೇ ಹೆಸರಿನ ಎರಡು ಚಿಪ್ಪುಗಳ ತಾಳಿಕೆ ಒಂದೇ ಆಗಿರದ ಕಾರಣ, ಇನ್ನೊಬ್ಬರ ಅಂಕಿಗಳನ್ನು ನಕಲು ಮಾಡುವುದು ಹೊಸಬರಿಗೆ ತಕ್ಕುದಲ್ಲ. ವೇಗವನ್ನು ಹಂತ ಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಪೂರ್ಣ ಹೊರೆಯ ಪರೀಕ್ಷೆ ನಡೆಸಿ ಉಷ್ಣತೆಯನ್ನು ಗಮನಿಸಬೇಕು. ವೋಲ್ಟೇಜಿನ ವಿಷಯದಲ್ಲಂತೂ ಆತುರ ಸಲ್ಲದು: ಅದು ಶೇಕಡ 10ರಷ್ಟು ಹೆಚ್ಚಿದರೆ, ಅದೇ ವೇಗದಲ್ಲಿಯೂ ವಿದ್ಯುತ್ ಬಳಕೆ ಸುಮಾರು ಶೇಕಡ 21ರಷ್ಟು ಹೆಚ್ಚುತ್ತದೆ, ಅದೆಲ್ಲವೂ ಶಾಖವಾಗಿ ಹೊರಬರುತ್ತದೆ.

ವೇಗ ಮಿತಿಮೀರಿದಾಗ ಯಂತ್ರವು ಸ್ತಬ್ಧವಾದರೆ ದೋಷವು ಕಣ್ಣಿಗೆ ಬೀಳುತ್ತದೆ. ಸ್ತಬ್ಧವಾಗದೆ ತಪ್ಪು ಲೆಕ್ಕ ಮಾಡಿ ಕಡತಗಳನ್ನು ಸದ್ದಿಲ್ಲದೆ ಕೆಡಿಸುವುದೇ ಹೆಚ್ಚಿನ ಅಪಾಯ. ಆದ್ದರಿಂದ ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿಕೊಂಡ ನಂತರವೇ ಈ ಪ್ರಯೋಗಕ್ಕೆ ತೊಡಗಬೇಕು.