ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆ: ಅಂಜಿಕೆ ಬೇಡ, ವಿಳಂಬವೂ ಬೇಡ

2021ರ ಜುಲೈ 4, ಭಾನುವಾರ. ರೋಮಿನ ಸಂತ ಪೇತ್ರರ ಚೌಕದಲ್ಲಿ ನೆರೆದಿದ್ದ ಭಕ್ತಾದಿಗಳೊಡನೆ ತ್ರಿಕಾಲ ಪ್ರಾರ್ಥನೆ ಸಲ್ಲಿಸಿ, ಸೆಪ್ಟೆಂಬರಿನಲ್ಲಿ ಹಂಗೇರಿ ಹಾಗೂ ಸ್ಲೊವಾಕಿಯಾ ದೇಶಗಳಿಗೆ ಭೇಟಿ ನೀಡುವುದಾಗಿ ಪ್ರಕಟಿಸಿದ ಜಗದ್ಗುರು ಫ್ರಾನ್ಸಿಸ್‌ರವರು, ಅದೇ ದಿನ ಜೆಮೆಲ್ಲಿ ಆಸ್ಪತ್ರೆಗೆ ದಾಖಲಾದರು. ಉರಿಯೂತದಿಂದ ಕಿರಿದಾಗಿದ್ದ ಅವರ ದೊಡ್ಡ ಕರುಳಿನ ಎಡಭಾಗವನ್ನು ವೈದ್ಯರು ಅಂದೇ ಕತ್ತರಿಸಿ ತೆಗೆದರು. ತಮ್ಮ ಕರುಳಿನಲ್ಲಿ 33 ಸೆಂಟಿಮೀಟರ್ ಕಡಿಮೆಯಾಗಿದೆಯೆಂದು ಅವರೇ ಮುಂದೆ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ಶಸ್ತ್ರಚಿಕಿತ್ಸೆಗೆ ಒಪ್ಪಿಕೊಳ್ಳುವಂತೆ ಮಾಡಿದ ದಾದಿಯೊಬ್ಬರು ತಮ್ಮ ಜೀವ ಉಳಿಸಿದರೆಂದೂ ಸ್ಮರಿಸಿದರು. ಆಗ ಅವರಿಗೆ 84 ವರ್ಷ. ಹತ್ತು ದಿನಗಳಲ್ಲಿ ಆಸ್ಪತ್ರೆಯಿಂದ ಹೊರಬಂದ ಅವರು, ಪ್ರಕಟಿಸಿದ್ದಂತೆಯೇ ಸೆಪ್ಟೆಂಬರಿನಲ್ಲಿ ಪ್ರವಾಸವನ್ನೂ ಕೈಗೊಂಡರು.

ಕರುಳನ್ನು ಕುರಿತು ನಾಲ್ಕು ಜನರ ಮುಂದೆ ಮಾತನಾಡಲು ಜಗದ್ಗುರುಗಳು ಸಂಕೋಚಪಡಲಿಲ್ಲ. ನಮ್ಮ ಮನೆಗಳಲ್ಲಾದರೋ ಪರಿಸ್ಥಿತಿ ಬೇರೆ. ಮೈಸೂರಿನ ಧರ್ಮಕೇಂದ್ರವೊಂದರಲ್ಲಿ ಪ್ರತಿ ಭಾನುವಾರ ಮುಂದಿನ ಸಾಲಿನಲ್ಲಿಯೇ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುತ್ತಿದ್ದ ಹಿರಿಯ ತಾಯಿಯೊಬ್ಬರನ್ನು ನಾವು ಬಲ್ಲೆವು. ಮಲದಲ್ಲಿ ರಕ್ತ ಕಾಣಿಸಿಕೊಂಡು ತಿಂಗಳುಗಳೇ ಉರುಳಿದರೂ ಅವರು ಮಕ್ಕಳಿಗೆ ಹೇಳಲಿಲ್ಲ. ಮೂಲವ್ಯಾಧಿ ಇರಬೇಕೆಂದು ತಾವೇ ತೀರ್ಮಾನಿಸಿ ನಾಟಿ ಔಷಧಿ ಸೇವಿಸುತ್ತ ಬಂದರು. ಕಡೆಗೊಂದು ರಾತ್ರಿ ಹೊಟ್ಟೆ ಉಬ್ಬಿ, ವಾಂತಿ ಆರಂಭವಾಗಿ, ತುರ್ತು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಕರುಳಿನ ಗಂಟನ್ನು ತೆಗೆದ ವೈದ್ಯರು ಹೊಟ್ಟೆಯ ಮೇಲೆ ದ್ವಾರವೊಂದನ್ನು ಮಾಡಿ ಚೀಲ ಅಳವಡಿಸಿದರು. ಆ ತಾಯಿ ಬದುಕಿಕೊಂಡರು. ಆದರೆ ದೇವಾಲಯಕ್ಕೆ ಬರುವುದನ್ನು ಬಿಟ್ಟರು. ಕಾರಣ ಕೇಳಿದಾಗ ಮಗಳು ದನಿ ತಗ್ಗಿಸಿ, "ಪಕ್ಕದಲ್ಲಿ ಕೂತವರಿಗೆ ವಾಸನೆ ಬಂದ್ರೆ ಏನು ಮಾಡೋದು ಅಂತ ಅಮ್ಮ ಹೆದರ್ತಾರೆ" ಎಂದರು.

ಆ ಮಾತೇ ಈ ಲೇಖನಕ್ಕೆ ಪ್ರೇರಣೆ.

ಕರುಳನ್ನು ಕತ್ತರಿಸುವುದೇಕೆ?

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದವಿರುತ್ತದೆ. ಉಂಡ ಅನ್ನದ ಸಾರವನ್ನು ಬಹುಮಟ್ಟಿಗೆ ಸಣ್ಣ ಕರುಳೇ ಹೀರಿಕೊಳ್ಳುತ್ತದೆ. ಉಳಿದುದರಲ್ಲಿನ ನೀರು, ಲವಣಗಳನ್ನು ಹೀರಿ ಮಲವನ್ನು ಗಟ್ಟಿಗೊಳಿಸುವುದು ದೊಡ್ಡ ಕರುಳಿನ ಕೆಲಸ. ಆದುದರಿಂದಲೇ ಅದರ ಒಂದು ಭಾಗವನ್ನು, ಅನಿವಾರ್ಯವಾದರೆ ಇಡಿಯಾಗಿ ತೆಗೆದರೂ ಮನುಷ್ಯನು ಬದುಕಬಲ್ಲನು. ಕೆಲಕಾಲ ಮಲ ತೆಳುವಾಗುವುದು, ಹೆಚ್ಚು ಬಾರಿ ಶೌಚಕ್ಕೆ ಹೋಗಬೇಕಾಗುವುದು ಸಹಜ. ಉಳಿದ ಕರುಳು ಕ್ರಮೇಣ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ.

ಕ್ಯಾನ್ಸರ್ ಈ ಶಸ್ತ್ರಚಿಕಿತ್ಸೆಗೆ ಮುಖ್ಯ ಕಾರಣ. ಔಷಧಿಗೆ ಬಗ್ಗದ ಕರುಳಿನ ಹುಣ್ಣು, ಜಗದ್ಗುರುಗಳಿಗೆ ಬಂದಂತಹ ಉರಿಯೂತ, ಕರುಳು ತಿರುಚಿಕೊಳ್ಳುವುದು ಇತರ ಕಾರಣಗಳು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಈ ಕ್ಯಾನ್ಸರ್ ಕಡಿಮೆಯೇ. ಆದರೆ ನಮ್ಮಲ್ಲಿ ಇದಕ್ಕೆ ತುತ್ತಾಗುವವರಲ್ಲಿ ಐವತ್ತು ದಾಟದವರ ಪಾಲು ಹೆಚ್ಚು. ಅನೇಕರು ವೈದ್ಯರ ಬಳಿಗೆ ಬರುವುದು ರೋಗ ಬಲಿತ ಮೇಲೆ.

ಸಂಶೋಧನೆಗಳು ಹೇಳುವುದೇನು?

ಹೊಟ್ಟೆಯನ್ನು ಉದ್ದಕ್ಕೆ ಸೀಳುವುದೊಂದೇ ಮಾರ್ಗವೆಂಬ ಕಾಲವಿತ್ತು. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪ್ರೊಸ್ಕೋಪಿ ಬಂದಾಗ, ಕ್ಯಾನ್ಸರ್ ಗಂಟು ಪೂರ್ಣವಾಗಿ ಹೊರಬರುವುದೇ ಎಂಬ ಸಂಶಯ ವೈದ್ಯರಿಗೇ ಇತ್ತು. ಅಮೆರಿಕ ಹಾಗೂ ಕೆನಡಾದ 48 ಆಸ್ಪತ್ರೆಗಳಲ್ಲಿ 872 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳ ನಂತರ ಬದುಕುಳಿದವರು ಲ್ಯಾಪ್ರೊಸ್ಕೋಪಿ ಗುಂಪಿನಲ್ಲಿ ಶೇಕಡ 86, ತೆರೆದ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡ 85. ರೋಗ ಮರುಕಳಿಸಿದ ಪ್ರಮಾಣದಲ್ಲಿಯೂ ಗಣನೀಯ ವ್ಯತ್ಯಾಸವಿರಲಿಲ್ಲ. ಅಂದರೆ, ನುರಿತ ಕೈಗಳಲ್ಲಿ ಎರಡು ವಿಧಾನಗಳೂ ಸಮಾನ; ಲ್ಯಾಪ್ರೊಸ್ಕೋಪಿಯಲ್ಲಿ ನೋವು ಕಡಿಮೆ, ಚೇತರಿಕೆ ತುಸು ಬೇಗ. ತೆರೆದ ಶಸ್ತ್ರಚಿಕಿತ್ಸೆಯೇ ಸೂಕ್ತವೆಂದು ವೈದ್ಯರು ಹೇಳಿದರೆ ಕೀಳು ಚಿಕಿತ್ಸೆ ದೊರೆಯಿತೆಂದು ಕೊರಗಬೇಕಾಗಿಲ್ಲ.

ಎರಡನೆಯ ಬದಲಾವಣೆ ಆರೈಕೆಯದು. ಕರುಳಿನ ಶಸ್ತ್ರಚಿಕಿತ್ಸೆಯಾದವರಿಗೆ ದಿನಗಟ್ಟಲೆ ಬಾಯಿಗೆ ಏನೂ ಕೊಡದೆ, ಹಾಸಿಗೆಯಲ್ಲಿಯೇ ಮಲಗಿಸಿಡುವುದು ಹಿಂದಿನ ರೂಢಿ. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ ಈ ರೂಢಿಯನ್ನು ಪ್ರಶ್ನಿಸಿದರು. ನೋವನ್ನು ಸರಿಯಾಗಿ ಶಮನಗೊಳಿಸಿ, ಬೇಗನೆ ಎಬ್ಬಿಸಿ ನಡೆಸಿ, ಬೇಗನೆ ಆಹಾರ ನೀಡಿದರೆ ರೋಗಿ ಎರಡೇ ದಿನಗಳಲ್ಲಿ ಮನೆಗೆ ಮರಳಬಹುದೆಂದು 16 ಮಂದಿ ರೋಗಿಗಳ ಅನುಭವದಿಂದ 1999ರಲ್ಲಿ ತೋರಿಸಿಕೊಟ್ಟರು. ಎಲ್ಲರಿಗೂ ಎರಡು ದಿನ ಸಾಲದು, ನಿಜ. ಆದರೆ ಆ ತತ್ತ್ವವನ್ನು ಇಂದು ಜಗತ್ತಿನಾದ್ಯಂತ ಅನುಸರಿಸುತ್ತಾರೆ. ಆದುದರಿಂದ, ವೈದ್ಯರು ಮರುದಿನವೇ ನಡೆಯಲು ಹೇಳಿದರೆ, ಗಂಜಿ ಕುಡಿಸಲು ಹೇಳಿದರೆ, ಮನೆಯವರು ಗಾಬರಿಗೊಂಡು ತಡೆಯಬಾರದು.

ಮೂರನೆಯದು ತೀರ ಇತ್ತೀಚಿನದು, ಖರ್ಚಿಲ್ಲದ್ದು. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯನ್ನೂ ಅನಂತರ ಕಿಮೋಥೆರಪಿಯನ್ನೂ ಮುಗಿಸಿದ 889 ಮಂದಿಯನ್ನು, ಪ್ರಧಾನವಾಗಿ ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ, ಹಲವು ವರ್ಷಗಳ ಕಾಲ ಗಮನಿಸಿದ ಅಧ್ಯಯನದ ಫಲಿತಾಂಶ 2025ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ವ್ಯಾಯಾಮದ ಬಗ್ಗೆ ತಿಳಿವಳಿಕೆಯ ಪುಸ್ತಿಕೆ ಮಾತ್ರ. ಇನ್ನೊಂದು ಗುಂಪಿಗೆ ಮೂರು ವರ್ಷಗಳ ಕಾಲ ಮಾರ್ಗದರ್ಶಕರ ಬೆಂಬಲದೊಡನೆ ನಿಯಮಿತ ವ್ಯಾಯಾಮ. ಎಂಟು ವರ್ಷಗಳ ನಂತರ ಮೊದಲ ಗುಂಪಿನಲ್ಲಿ ಶೇಕಡ 83.2ರಷ್ಟು, ಎರಡನೆಯ ಗುಂಪಿನಲ್ಲಿ ಶೇಕಡ 90.3ರಷ್ಟು ಮಂದಿ ಜೀವಂತರಾಗಿದ್ದರು. ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಚುರುಕಾಗಿ ನಡೆಯುವುದಕ್ಕೆ ಸಮನಾದ ವ್ಯಾಯಾಮವದು. ಕುಕ್ಕರಹಳ್ಳಿ ಕೆರೆಯ ಏರಿ ಇರುವ ನಮ್ಮ ಊರಿನಲ್ಲಿ ಇದಕ್ಕೆ ಕೊರತೆಯೇನು? ಜೊತೆಗೆ ನಡೆಯುವವರೊಬ್ಬರು ಬೇಕು, ಅಷ್ಟೆ. ವೈದ್ಯರನ್ನು ಕೇಳಿಯೇ ಆರಂಭಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು.

ತೊಡಕುಗಳೂ ಉಂಟು

ಅಪಾಯವೇ ಇಲ್ಲವೆಂದರೆ ಓದುಗರಿಗೆ ಅನ್ಯಾಯವೆಸಗಿದಂತಾಗುತ್ತದೆ. ಜೋಡಿಸಿದ ಕರುಳಿನ ಹೊಲಿಗೆ ಸೋರುವುದು ಎಲ್ಲಕ್ಕಿಂತ ಭಯಪಡಬೇಕಾದ ತೊಡಕು. ಧೂಮಪಾನ ಈ ಅಪಾಯವನ್ನು ಹೆಚ್ಚಿಸುತ್ತದೆ. ಗಾಯ ಕೀವಾಗುವುದುಂಟು. ಗಾಯದ ಗುರುತಿನಲ್ಲಿ ಮುಂದೆ ಹರ್ನಿಯಾ ಕಾಣಿಸಿಕೊಳ್ಳುವುದುಂಟು. ಜಗದ್ಗುರು ಫ್ರಾನ್ಸಿಸ್‌ರವರೂ ಅದೇ ಕಾರಣಕ್ಕೆ 2023ರ ಜೂನ್ 7ರಂದು ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಒಳಗಾದರು. ಆದರೆ ಒಂದು ಮಾತು ಖಚಿತ: ಮೊದಲೇ ನಿಶ್ಚಯಿಸಿ, ಸಿದ್ಧತೆಯೊಡನೆ ಮಾಡುವ ಶಸ್ತ್ರಚಿಕಿತ್ಸೆಗಿಂತ, ಕರುಳು ಕಟ್ಟಿಕೊಂಡ ಮೇಲೆ ಅವಸರದಲ್ಲಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣಾಪಾಯವೂ ಹೆಚ್ಚು, ಚೀಲ ಅಳವಡಿಸಬೇಕಾಗುವ ಸಂಭವವೂ ಹೆಚ್ಚು. ನಾವು ಹೇಳಿದ ಆ ತಾಯಿಯ ವಿಷಯದಲ್ಲಿ ನಡೆದುದೂ ಇದೇ.

ಮಲದಲ್ಲಿ ರಕ್ತ, ವಾರಗಟ್ಟಲೆ ಶೌಚದ ಕ್ರಮದಲ್ಲಿ ಬದಲಾವಣೆ, ಕಾರಣವಿಲ್ಲದ ರಕ್ತಹೀನತೆ, ತೂಕ ಇಳಿಯುವುದು - ಇವುಗಳಲ್ಲಿ ಯಾವುದೇ ಕಂಡರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ, ಯಾವ ತೊಂದರೆಯಿಲ್ಲದಿದ್ದರೂ ನಲವತ್ತರ ವಯಸ್ಸಿನಲ್ಲಿ ಅಥವಾ ಅದಕ್ಕೂ ಮೊದಲೇ ವೈದ್ಯರ ಸಲಹೆ ಪಡೆಯುವುದು ಒಳಿತು. ಹಣದ ಚಿಂತೆಯಿಂದಲೂ ತಡಮಾಡುವವರಿದ್ದಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡಿನೊಡನೆ ಮೊದಲು ಕೆ.ಆರ್. ಆಸ್ಪತ್ರೆಯಂತಹ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಚೀಲ ಹೊತ್ತ ಸಂತರು

ಇನ್ನು ಚೀಲದ ಮಾತು. 1981ರ ಮೇ 13ರಂದು ಗುಂಡೇಟಿಗೆ ಗುರಿಯಾದ ಜಗದ್ಗುರು ಎರಡನೆಯ ಜಾನ್ ಪಾಲ್‌ರವರ ಕರುಳಿಗೆ ತೀವ್ರ ಗಾಯವಾಗಿತ್ತು. ಅವರ ಹೊಟ್ಟೆಯ ಮೇಲೂ ವೈದ್ಯರು ತಾತ್ಕಾಲಿಕವಾಗಿ ಇಂತಹುದೇ ದ್ವಾರ ಮಾಡಿದ್ದರು. ಆಗಸ್ಟ್ 5ರಂದು ಅದನ್ನು ಮುಚ್ಚಲಾಯಿತು. 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದು ನಮ್ಮ ನಾಡನ್ನು ಹರಸಿದವರು ಅವರೇ. 1992ರ ಜುಲೈ 15ರಂದು ಅವರ ದೊಡ್ಡ ಕರುಳಿನಲ್ಲಿ ಬೆಳೆದಿದ್ದ ಗಡ್ಡೆಯನ್ನು ತೆಗೆದರು. ಆನಂತರ ಹನ್ನೆರಡು ವರ್ಷಗಳಿಗೂ ಮಿಗಿಲಾಗಿ ಅವರು ಧರ್ಮಸಭೆಯನ್ನು ಮುನ್ನಡೆಸಿದರು. ಇಂದು ಅವರನ್ನು ಸಂತರೆಂದು ಗೌರವಿಸುತ್ತೇವೆ. ಅವರಿಗಿಲ್ಲದ ಅವಮಾನ ನಮ್ಮ ಮನೆಯ ರೋಗಿಗಳಿಗೇಕೆ? ಎಲ್ಲರ ಚೀಲವೂ ತಾತ್ಕಾಲಿಕವಲ್ಲ. ಕೆಲವರು ಜೀವಮಾನವಿಡೀ ಅದನ್ನು ಧರಿಸಬೇಕಾಗುತ್ತದೆ. ಆದರೆ ಈಗಿನ ಚೀಲಗಳು ಚರ್ಮಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಸರಿಯಾಗಿ ಅಳವಡಿಸಿದರೆ ವಾಸನೆ ಹೊರಬರುವುದಿಲ್ಲ.

ಧರ್ಮಕೇಂದ್ರದ ಪಾಲು

ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಕರೆದರೆ ಸಾವು ಸಮೀಪಿಸಿತೆಂದು ತಿಳಿಯುವವರು ಇಂದಿಗೂ ಇದ್ದಾರೆ. ಅದು ತಪ್ಪು. ಗಂಭೀರ ಶಸ್ತ್ರಚಿಕಿತ್ಸೆಗೆ ಮುನ್ನ ಈ ಸಂಸ್ಕಾರವನ್ನು ಸ್ವೀಕರಿಸಬಹುದೆಂದು ಧರ್ಮಸಭೆಯೇ ಬೋಧಿಸುತ್ತದೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ರೋಗಿಗಳಿಗೂ ವೃದ್ಧರಿಗೂ ಅವರ ಆರೈಕೆ ಮಾಡುವವರಿಗೂ ಅನ್ವಯಿಸದು. ತಪಸ್ಸು ಕಾಲದ ಉಪವಾಸದಿಂದಲೂ ರೋಗಿಗಳಿಗೆ ವಿನಾಯಿತಿಯುಂಟು. ಶಸ್ತ್ರಚಿಕಿತ್ಸೆಯಾಗಿ ಮೈ ಕೃಶವಾಗಿರುವಾಗ ಹೊಟ್ಟೆ ಒಣಗಿಸುವುದು ಪುಣ್ಯವಲ್ಲ.

ಸಂತ ಎರಡನೆಯ ಜಾನ್ ಪಾಲ್‌ರವರು ವಿಶ್ವ ರೋಗಿಗಳ ದಿನವನ್ನು ಸ್ಥಾಪಿಸಿದ್ದು 1992ರ ಮೇ 13ರಂದು. ತಾವೇ ಕರುಳಿನ ಶಸ್ತ್ರಚಿಕಿತ್ಸೆಗೆ ಮಲಗುವ ಎರಡು ತಿಂಗಳ ಮೊದಲು. ಪ್ರತಿವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದಂದು, ನಮ್ಮ ದೇವಾಲಯಗಳಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಉಳಿದ ದಿನಗಳಲ್ಲಿ ಅವರ ಮನೆಯ ಬಾಗಿಲು ತಟ್ಟುವವರಾರು?

ಆ ತಾಯಿಯ ಮನೆಗೆ ನೆರೆಯ ಇಬ್ಬರು ಹೆಂಗಸರು ವಾರ ವಾರವೂ ಹೋಗತೊಡಗಿದರು. ಮೊದಲು ಜಪಮಾಲೆ, ಅನಂತರ ಬೀದಿಯ ಕೊನೆಯವರೆಗೆ ನಡಿಗೆ, ಕಡೆಗೆ ದೇವಾಲಯ. ಆ ತಾಯಿ ಈಗ ಪಕ್ಕದ ಬಾಗಿಲಿನ ಬಳಿಯ ಬೆಂಚಿನಲ್ಲಿ ಕೂರುತ್ತಾರೆ. ಬೇಕೆನಿಸಿದರೆ ಎದ್ದು ಹೊರಗೆ ಹೋಗಲು ಅನುಕೂಲವೆಂದು. ಅವರ ಎಡಬಲಗಳಲ್ಲಿ ಆ ಇಬ್ಬರು ಹೆಂಗಸರು ಕೂರುತ್ತಾರೆ. ಶಸ್ತ್ರವೈದ್ಯರು ಮಾಡಬೇಕಾದುದನ್ನು ಮಾಡಿದ ಮೇಲೆ ಉಳಿಯುವ ಚಿಕಿತ್ಸೆ ಇದು. ಇದನ್ನು ನಾವೇ ಮಾಡಬೇಕು.