ಚೆಂಡು ಗೆರೆ ದಾಟಿತೆ?

1966ನೆಯ ಜುಲೈ 30. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿಗಳ ನಡುವೆ ವಿಶ್ವಕಪ್ ಫುಟ್‌ಬಾಲಿನ ಅಂತಿಮ ಪಂದ್ಯ. ಎರಡೆರಡು ಗೋಲುಗಳ ಸಮಬಲವಾಗಿ ಆಟ ಹೆಚ್ಚುವರಿ ವೇಳೆಗೆ ಮುಂದುವರಿದಿತ್ತು. ಆಗ ಇಂಗ್ಲೆಂಡಿನ ಹರ್ಸ್ಟ್ ಒದೆದ ಚೆಂಡು ಗೋಲಿನ ಅಡ್ಡಪಟ್ಟಿಯ ತಳಕ್ಕೆ ಬಡಿದು, ನೆಲ ಮುಟ್ಟಿ, ಹೊರಕ್ಕೆ ಪುಟಿಯಿತು. ತೀರ್ಪುಗಾರ ಡೀನ್ಸ್ಟ್ ಅವರು ಪಕ್ಕದ ಗೆರೆಯಲ್ಲಿದ್ದ ಸಹಾಯಕ ಬಹ್ರಾಮೊವ್ ಅವರನ್ನು ವಿಚಾರಿಸಿ ಗೋಲೆಂದು ಸಾರಿದರು. ಇಂಗ್ಲೆಂಡ್ 4-2ರಿಂದ ಗೆದ್ದಿತು.

ಇಡೀ ಚೆಂಡು ಗೆರೆಯನ್ನು ಪೂರ್ತಿಯಾಗಿ ದಾಟಿದರೆ ಮಾತ್ರ ಗೋಲು ಎಂಬುದು ನಿಯಮ. ಚೆಂಡಿನ ವ್ಯಾಸ ಸುಮಾರು 22 ಸೆಂಟಿಮೀಟರ್. ಆದುದರಿಂದ ಅದು ಗೆರೆಯಿಂದ 5 ಸೆಂಟಿಮೀಟರ್ ಒಳಗೆ ನೆಲ ಮುಟ್ಟಿದರೂ ಅದರ ಅಂಚು 6 ಸೆಂಟಿಮೀಟರಿನಷ್ಟು ಗೆರೆಯ ಮೇಲೆ ಚಾಚಿಕೊಂಡೇ ಇರುತ್ತದೆ! ಗೆರೆಯ ನೇರಕ್ಕೆ ನಿಲ್ಲದವನ ಕಣ್ಣಿಗೆ ಇದು ತಿಳಿಯುವುದು ಹೇಗೆ? ಅಳತೆಪಟ್ಟಿಯನ್ನು ಓರೆಯಾಗಿ ನೋಡಿ ತಪ್ಪು ಅಂಕಿ ಬರೆದ ವಿದ್ಯಾರ್ಥಿಗಳು (ನಾನೂ ಅವರಲ್ಲೊಬ್ಬ) ಆ ಸಹಾಯಕನನ್ನು ಹಳಿಯಲಾರರು.

ಆಕ್ಸ್‌ಫರ್ಡಿನ ಇಬ್ಬರು ಸಂಶೋಧಕರು ಹಳೆಯ ಚಲನಚಿತ್ರಗಳನ್ನು ರೇಖಾಗಣಿತದಿಂದ ಪರೀಕ್ಷಿಸಿ, ಚೆಂಡು ಪೂರ್ತಿ ದಾಟಿರಲಿಲ್ಲವೆಂದು 1996ರಲ್ಲಿ ಪ್ರಕಟಿಸಿದರು. 2010ರಲ್ಲಿ ಬ್ಲೂಮ್‌ಫಾಂಟೈನ್‌ನಲ್ಲಿ ಸರದಿ ತಿರುಗಿತು: ಇಂಗ್ಲೆಂಡಿನ ಲ್ಯಾಂಪಾರ್ಡ್ ಒದೆದ ಚೆಂಡು ಸ್ಪಷ್ಟವಾಗಿ ಒಳಹೊಕ್ಕರೂ ಗೋಲು ದೊರೆಯಲಿಲ್ಲ, ಜರ್ಮನಿ 4-1ರಿಂದ ಗೆದ್ದಿತು. 2014ರ ವಿಶ್ವಕಪ್ಪಿನಲ್ಲಿ ಒಂದೊಂದು ಗೋಲನ್ನೂ 7 ಕ್ಯಾಮೆರಾಗಳು ಕಾದವು. ತೀರ್ಪು ಒಂದು ಸೆಕೆಂಡಿನೊಳಗೆ ತೀರ್ಪುಗಾರನ ಕೈಗಡಿಯಾರದಲ್ಲಿ ಮೂಡುತ್ತಿತ್ತು.